ಟೀವಿ ನುಂಗಿದ್ದ ಅಂಚು

ಅರಸೀಕೆರೆಯ ಇಂದುಧರನಿಗೆ ಹಳೆಯ ಸಾಮಾನು ಎಸೆಯುವ ಬುದ್ಧಿಯೇ ಇಲ್ಲ. ಮದುವೆ ಛತ್ರಗಳಿಗೆ ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ ಬಾಡಿಗೆಗೆ ಕೊಡುವ ಮಟ್ಟಕ್ಕೆ ಬೆಳೆದ ಮೇಲೂ, ಮೊದಲ ಕ್ಯಾಮರಾದ ಜೊತೆ ಕೊಂಡಿದ್ದ ವಿಸಿಆರ್ ಅನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದ. ಹೆಂಡತಿ ಉಷಾರಾಣಿ ಗುಜರಿಯವನನ್ನು ಬಾಗಿಲ ತನಕ ಕರೆತಂದದ್ದೂ ಉಂಟು. ಅವನು ಬರಿಗೈಯಲ್ಲಿ ಹೋದ.

ಆ ವಿಸಿಆರ್‌ಗೆ ಕೊನೆಗೂ ಕೆಲಸ ಬಂತು. ಹಳೇಬೀಡಿನ ವಿಶಾಲಮ್ಮನ ಮಗಳು ಶಿಲ್ಪಾಳ ಮದುವೆ ಅರಸೀಕೆರೆಯ ಛತ್ರದಲ್ಲಿ ಗೊತ್ತಾಗಿತ್ತು. ಶಿಲ್ಪಾಳ ತಂದೆ ಮಹಾಂತೇಶ್ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹಿಂದಿನ ದಿನ ಸಂಜೆಯ ಆರತಕ್ಷತೆಯಲ್ಲಿ ಅಪ್ಪ ಅಮ್ಮನ ಧಾರೆಯ ವಿಡಿಯೋ ಪರದೆಯ ಮೇಲೆ ಬರಲೇಬೇಕೆಂದು ಅವಳು ಹಟ ಹಿಡಿದಿದ್ದಳು. ಅದನ್ನು ತೆಗೆದವನೂ ಇಂದುಧರನೇ. ಕ್ಯಾಸೆಟ್ಟು ವಿಶಾಲಮ್ಮನ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಭದ್ರವಾಗಿತ್ತು.

ಅದೆಂಥ ಕಾಲ! ಕ್ಯಾಮರಾ ಹೆಗಲಿಗೇರಿಸಿ, ಲೈಟಿನ ಸ್ಟ್ಯಾಂಡು ಬಗಲಲ್ಲಿಟ್ಟು ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಹಳೇಬೀಡಿಗೆ ಹೋದರೆ, ಕಂಡಕ್ಟರನ ಜೊತೆ ಲಗೇಜಿನ ಜಗಳದಿಂದಲೇ ಮದುವೆ ಶುರು. ವಿಡಿಯೋದಲ್ಲಿ ಗಂಡು ಹೆಣ್ಣಿನ ಹೆಸರು ತಾವರೆ ಹೂವಿನೊಳಗಿಂದ ಅರಳಿ ಬರಬೇಕು, ಬರದಿದ್ದರೆ ಬೀಗರು ಮುನಿಸಿಕೊಳ್ಳುತ್ತಿದ್ದರು. ಕ್ಯಾಸೆಟ್ಟು ಮನೆಗೆ ಬಂದ ದಿನ ಬೀದಿಗೆ ಬೀದಿಯೇ ಟೀವಿ ಮುಂದೆ ಕೂತು, ತಮ್ಮ ಮುಖ ಬಂದಾಗ ನಾಚಿಕೊಂಡು, ಬರದಿದ್ದರೆ ಇಂದುಧರನಿಗೆ ಶಾಪ ಹಾಕುತ್ತಿತ್ತು. ಈಗ ಎಲ್ಲರ ಕೈಯಲ್ಲೂ ಕ್ಯಾಮರಾ ಇದೆ, ಯಾರಿಗೂ ಮುನಿಸಿಲ್ಲ. ಇಂದುಧರನಿಗೆ ಆ ಮುನಿಸೇ ಬೇಕೆನಿಸುತ್ತಿತ್ತು.

ಆರತಕ್ಷತೆಯ ಮಧ್ಯಾಹ್ನ ಅವನು ಪರದೆ ಜೋಡಿಸುತ್ತಿದ್ದಾಗ ಮಹಾಂತೇಶನ ತಮ್ಮ ಚನ್ನೇಶ್ ಹತ್ತಿರ ಬಂದು ದನಿ ತಗ್ಗಿಸಿದ. "ಇಂದುಧರಣ್ಣ, ನಾಳೆ ಬೆಳಗ್ಗೆ ಧಾರೆಗೆ ನಾನೂ ನಮ್ಮನೆಯೋಳೂ ಕೂತ್ಕೊತೀವಿ. ಅತ್ತಿಗೆಮ್ಮ ಮಂಟಪಕ್ಕೆ ಬರಲ್ಲ, ಕೆಳಗೇ ಇರ್ತಾರೆ. ಕ್ಯಾಮರಾ ಆ ಕಡೆ ತಿರುಗಿಸ್ಬ್ಯಾಡಿ. ಬೀಗರ ಕಡೆಯೋರು ಏನಾದ್ರೂ ಅಂದಾರು."

ಚನ್ನೇಶ್ ಕೆಟ್ಟವನಲ್ಲ. ಅಣ್ಣ ಹೋದ ಮೇಲೆ ತೆಂಗಿನ ತೋಟವನ್ನೂ ಅತ್ತಿಗೆಯ ಮನೆಯನ್ನೂ ಒಂದೇ ಸಮ ನೋಡಿಕೊಂಡವನು. ಒಳ್ಳೆಯವರ ಬಾಯಲ್ಲಿ ಬಂದಾಗಲೇ ಇಂಥ ಮಾತಿಗೆ ಎದುರಾಡುವುದು ಕಷ್ಟ. ಎದುರಿನ ಕುರ್ಚಿಯಲ್ಲಿ ಹೂ ಬಿಡಿಸುತ್ತಿದ್ದ ವಿಶಾಲಮ್ಮನಿಗೆ ಅದು ಕೇಳಿಸಿತು. ಆಕೆ ತಲೆ ಎತ್ತಲಿಲ್ಲ.

ಇಂದುಧರನಿಗೆ ಅದು ಹೊಸ ಮಾತಲ್ಲ. ಅಂದು ವಿಶಾಲಮ್ಮನ ಮದುವೆಯ ದಿನ ಹಳೇಬೀಡಿನ ಚಪ್ಪರದಲ್ಲಿ ವಿಶಾಲಮ್ಮನ ದೊಡ್ಡಪ್ಪ ಗಂಗಾಧರಯ್ಯನವರೂ ಹೀಗೇ ದನಿ ತಗ್ಗಿಸಿ ಹೇಳಿದ್ದರು. ವಿಶಾಲಮ್ಮನ ತಾಯಿ ಸಣ್ಣತಾಯಮ್ಮ ಗಂಡನಿಲ್ಲದವಳು, ವಿಡಿಯೋದಲ್ಲಿ ಬರಬಾರದು. ಹಣೆಗೆ ವಿಭೂತಿ ಇಟ್ಟವರ ಮನೆಯಲ್ಲಿ ಈ ಭೇದ ಇಲ್ಲವೆಂದು ಭಾಷಣ ಮಾಡುತ್ತಿದ್ದವರೂ ಅವರೇ. ದೊಡ್ಡವರ ಮಾತು. ಇಂದುಧರ ಆಕೆಯನ್ನು ಹೊರಗಿಟ್ಟೇ ಕ್ಯಾಮರಾ ಹಿಡಿದಿದ್ದ.

ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕಿ, ಅದರ ಹಳದಿ ವೈರನ್ನು ಪ್ರೊಸೆಸರಿಗೆ ಚುಚ್ಚಿದ. ಎಲ್ಲಿಂದಲೋ ಬರುವ ಚಿತ್ರವನ್ನು ಪರದೆಗೆ ಹೊಂದಿಸಿ ಕೊಡುವ ಪೆಟ್ಟಿಗೆ ಅದು. ಲ್ಯಾಪ್‌ಟಾಪಿನ ಇನ್‌ಪುಟ್ಟಿನಿಂದ ವಿಡಿಯೋ ಇನ್‌ಪುಟ್ಟಿಗೆ ಬದಲಾಯಿಸಿದರೆ ಪರದೆಯ ತುಂಬ ಬರೀ ನೀಲಿ. ಹೊಸ ಪೆಟ್ಟಿಗೆಗೆ ಹಳೇ ಕ್ಯಾಸೆಟ್ಟಿನ ನಡುಕ ಅರ್ಥವಾಗಲಿಲ್ಲ. 'ಆಟೋ' ಬಿಡಿಸಿ ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿ ಇಟ್ಟ, ಚಿತ್ರ ಬಣ್ಣವಿಲ್ಲದೆ ಮೇಲಿಂದ ಕೆಳಕ್ಕೆ ಉರುಳತೊಡಗಿತು. ನಮ್ಮ ದೇಶದ ಕ್ಯಾಸೆಟ್ಟಿಗೆ ಪಾಲ್ ಪದ್ಧತಿ ಬೇಕೆಂಬುದು ತನಗೇ ಮರೆತುಹೋಯಿತಲ್ಲ ಎಂದು ಬೈದುಕೊಂಡು ಪಾಲ್ ಇಟ್ಟ. ಬಣ್ಣ ಬಂತು. ಆದರೆ ಮಹಾಂತೇಶ್ ಕುಂಬಳಕಾಯಿಯ ಹಾಗೆ ಊದಿಕೊಂಡಿದ್ದ.

"ನಮ್ಮೆಜಮಾನ್ರು ಅಷ್ಟು ದಪ್ಪ ಇರ್ನಿಲ್ಲ ಕಣ್ರೀ" ಎಂದಳು ವಿಶಾಲಮ್ಮ, ಪರದೆಯ ಹತ್ತಿರ ಬಂದು.

"ತಾಳಿ, ಇಳಿಸ್ತೀನಿ." ಅಗಲ ಕಡಿಮೆ ಮಾಡಿದ. ಮಹಾಂತೇಶ್ ಮತ್ತೆ ತೆಳ್ಳಗಾದ, ಹೊಸ ಪೇಟದಡಿ ಬೆವರುತ್ತ ನಕ್ಕ. ವಿಶಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಆಕೆ ತನ್ನಷ್ಟಕ್ಕೇ ಎಂಬಂತೆ ಹೇಳಿದಳು. "ನಮ್ಮವ್ವ ಎಲ್ಲಾದ್ರೂ ಒಂಚೂರು ಬಂದವ್ಳಾ ಅಂತ ಈ ಕ್ಯಾಸೆಟ್ನ ಅದೆಷ್ಟು ಸಲ ನೋಡಿದೀನೋ. ಬಂದಿಲ್ಲ. ಅವ್ವ ಹೋದ್ಮೇಲೆ ನೋಡ್ಕೊಳ್ಳೋಕೆ ಒಂದು ಫೋಟೊನೂ ಇಲ್ಲ. ಈಗ ಮುಖಾನೇ ಮಸುಕಾಗ್ತಾ ಐತೆ ನಂಗೆ."

ಇಂದುಧರ ಪೆಟ್ಟಿಗೆಯತ್ತ ಬಾಗಿದ. ಪಾಲ್‌ಗೆ ಬದಲಾಯಿಸಿದಾಗ ಅಂಚು ಕತ್ತರಿಸುವ ಹಳೆಯ ಹೊಂದಿಕೆಗಳೆಲ್ಲ ಅಳಿಸಿಹೋಗಿದ್ದವು. ಚಿತ್ರದ ನಾಲ್ಕೂ ಅಂಚುಗಳು ಪೂರ್ತಿ ಬಿಚ್ಚಿಕೊಂಡಿದ್ದವು, ಕೆಳಗೊಂದು ಗೆರೆ ಪಟಪಟನೆ ನಡುಗುತ್ತಿತ್ತು. ಹಳೇ ಟೀವಿಗಳು ಈ ಅಂಚನ್ನು ತಮ್ಮ ಚೌಕಟ್ಟಿನ ಹಿಂದೆ ನುಂಗಿಬಿಡುತ್ತಿದ್ದವು. ಆ ಕ್ಯಾಮರಾದ ಇಣುಕುಗಾಜಿನಲ್ಲೂ ಅದು ಕಾಣುತ್ತಿರಲಿಲ್ಲ. ಅಸಹ್ಯವೆಂದು ಈಗಲೂ ಅದನ್ನು ಕತ್ತರಿಸಿಯೇ ತೋರಿಸುವುದು ರೂಢಿ. ಇಂದುಧರ ಕ್ರಾಪ್ ಒತ್ತಿ ಗುಂಡಿ ತಿರುಗಿಸತೊಡಗಿದ. ಅಂಚುಗಳು ಒಳಕ್ಕೆ ಸರಿದವು.

"ತಡೀರಿ." ವಿಶಾಲಮ್ಮ ಪರದೆಗೆ ಕೈ ಚಾಚಿದ್ದಳು. "ಹಿಂದಕ್ಕೆ ಬಿಡಿ. ಮೊದ್ಲಿದ್ದಂಗೆ."

ಗುಂಡಿ ವಾಪಸು ತಿರುಗಿಸಿದ. ಎಡಗಡೆ, ಬಾಳೆಕಂದಿನ ಪಕ್ಕ, ಬಿಳಿ ಸೀರೆಯ ಅರ್ಧ ಮೈ ತೆರೆದುಕೊಂಡಿತು. ಅರ್ಧ ಮುಖ, ಒಂದು ಕೈ. ಧಾರೆಯ ನೀರು ಬೀಳುತ್ತಿದ್ದಂತೆ ಆ ಕೈ ಬಾಳೆಕಂದಿನ ಮರೆಯಿಂದ ಅಕ್ಷತೆ ಎಸೆಯಿತು. ಕಾಳು ಮಗಳ ತನಕ ಮುಟ್ಟಲಿಲ್ಲ. ಮತ್ತೆ ಎಸೆಯಿತು.

"ನಮ್ಮವ್ವ" ಎಂದಳು ವಿಶಾಲಮ್ಮ.

ಇಂದುಧರ ಟೇಪು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟ. ಕೇಳದೆಯೇ ಇನ್ನೊಮ್ಮೆ ಬಿಟ್ಟ. ತಾನು ಹೊರಗಿಟ್ಟೆ ಎಂದುಕೊಂಡಿದ್ದವಳನ್ನು ಕ್ಯಾಮರಾ ತನಗೆ ತಿಳಿಸದೆ ಒಳಗಿಟ್ಟುಕೊಂಡಿತ್ತು. ಅವನಿಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಆಯಿತು. ಶಿಲ್ಪಾ ಓಡಿಬಂದಳು, ಹಿಂದೆಯೇ ಚನ್ನೇಶನೂ ಬಂದ. ಆಳೆತ್ತರದ ಸಣ್ಣತಾಯಮ್ಮ ಎಲ್ಲರೆದುರು ಅಂಚಿನಲ್ಲಿ ನಿಂತು ಅಕ್ಷತೆ ಎಸೆಯುತ್ತಲೇ ಇದ್ದಳು.

ವಿಶಾಲಮ್ಮ ಕಣ್ಣೊರೆಸಿಕೊಂಡು ಮೈದುನನತ್ತ ತಿರುಗಿದಳು. "ಚನ್ನೇಶಪ್ಪ, ನೀವಿಬ್ರೂ ಧಾರೆ ಎರೀರಿ, ಬ್ಯಾಡ ಅನ್ನಲ್ಲ. ಆದ್ರೆ ನಾನು ನನ್ನ ಮಗಳ ಪಕ್ಕದಲ್ಲೇ ನಿಲ್ಲೋಳು."

ಚನ್ನೇಶ್ ಪರದೆಯನ್ನೇ ನೋಡುತ್ತಿದ್ದ. ಆ ಕೈ ಮತ್ತೊಮ್ಮೆ ಮೇಲೆದ್ದಿತು, ಕಾಳು ಮತ್ತೆ ಮುಟ್ಟದೆ ಬಿತ್ತು. "ಆಗ್ಲಿ ಅತ್ತಿಗೆಮ್ಮ" ಎಂದ.

ಸಂಜೆ ಆ ವಿಡಿಯೋ ನಡುಗುವ ಗೆರೆಯ ಸಮೇತ ಪೂರ್ತಿಯಾಗಿಯೇ ಓಡಿತು. ಅದೇನು ಗೆರೆ ಎಂದು ಕೇಳಿದವರಿಗೆ ಇಂದುಧರ ಇರಲಿ ಬಿಡಿ ಎಂದ.

ಮರುದಿನ ಬೆಳಗ್ಗೆ ಧಾರೆಗೆ ಮೊದಲು ವಿಶಾಲಮ್ಮ ಅವನ ಹತ್ತಿರ ಬಂದಳು. "ಇಂದುಧರಣ್ಣ, ನನ್ನ ಚೆನ್ನಾಗಿ ಮಧ್ಯಕ್ಕೇ ಹಾಕ್ಕೊಳಿ. ನಾಳೆ ದಿನ ಶಿಲ್ಪಾ ಕೂತ್ಕಂಡು ನನ್ನ ಹುಡುಕ್ಬಾರ್ದು."

ಆಕೆ ಮಂಟಪದ ಮೆಟ್ಟಿಲು ಹತ್ತಿದಳು. ಮಗಳ ಪಕ್ಕ ನಿಂತು ಆಕೆ ಹಾಕಿದ ಅಕ್ಷತೆ ನೇರವಾಗಿ ಮಗಳ ತಲೆಯ ಮೇಲೇ ಬಿತ್ತು.