ತೊಗಟೆ ಸುಲಿದ ಕಟ್ಟಿಗೆ

ಅಕ್ಟೋಬರದ ಮೊದಲ ವಾರ ಭೀಮಾ ನದಿ ಇಳಿದಾಗ ಶಾಂತಲಿಂಗಪ್ಪನ ಹೊಲದ ಕೆಳಗಿನ ಬದುವಿಗೆ ಒಂದು ಕರಿಜಾಲಿ ಮರ ಅಡ್ಡ ಬಿದ್ದಿತ್ತು. ಘತ್ತರಗಿಯ ಆಚೆ ಯಾವ ದಂಡೆಯಿಂದ ಕಿತ್ತು ಬಂದಿತ್ತೋ, ಅದರ ಬೇರಿನಲ್ಲಿ ಯಾರದೋ ಹಸಿರು ಸೀರೆಯ ಅಂಚು ಸಿಕ್ಕಿಕೊಂಡಿತ್ತು. ಮೊದಲು ಕಂಡವಳು ಅವನ ಹೆಂಡತಿ ಸುಂದರಬಾಯಿ.

ಹೊಳೆ ತಂದ ಮರದ ಮೇಲೆ ಯಾರು ಮೊದಲು ಕಲ್ಲಿಡುತ್ತಾರೋ ಮರ ಅವರದು. ಆ ಊರಲ್ಲಿ ಇದಕ್ಕೆ ಎದುರು ಮಾತಿಲ್ಲ. ಸ್ವಂತ ಹೊಲದಲ್ಲಿ ಬಿದ್ದ ಮರಕ್ಕೆ ಕಲ್ಲಿಡುವ ಗರಜೇನೂ ಇರಲಿಲ್ಲ. ಆದರೂ ಅವಳು ಎರಡೂ ಕೈಯಿಂದ ಎತ್ತಬೇಕಾದಂಥ ಒಂದು ಕರಿಗಲ್ಲು ತಂದು ಬೊಡ್ಡೆಯ ಮೇಲಿಟ್ಟಳು. ಬೇರೆಯವರಿಗಲ್ಲ, ಗಂಡನಿಗೆ ಗೊತ್ತಾಗಲಿ ಅಂತ.

ಮರುದಿನ ಟ್ರ್ಯಾಕ್ಟರ್ ಓಡಿಸುವ ಚಾಂದಪಾಶಾ ಮರವನ್ನು ತುಂಡು ಮಾಡಿಸಿ ಹೇರಿಕೊಂಡು ಬಂದ. ಕಲ್ಲನ್ನು ಬಿಸಾಡದೆ ಅದನ್ನೂ ತಂದಿದ್ದ.

"ಹಿತ್ತಲಕ್ಕ ಹಾಕ್ಲೇನ್ರಿ ಅಕ್ಕಾರ?"

"ಬ್ಯಾಡ. ಮುಂದ ಹಾಕು. ಕಟ್ಟಿ ಮಗ್ಗಲಿಗೆ."

"ಕಟ್ಟಿ ಮ್ಯಾಲ ಸಾವಕಾರ್ರು, ಹಿರೇರು ಕುಂಡ್ರತಾರಲ್ರಿ?"

"ಅದಕ್ಕ."

ಚಾಂದಪಾಶಾ ತಲೆ ಕೆರೆದುಕೊಂಡು ಅಲ್ಲೇ ಇಳಿಸಿದ.

ಸುಂದರಬಾಯಿಯ ಲೆಕ್ಕ ಅವಳ ತಲೆಯಲ್ಲಿ ಸ್ಪಷ್ಟವಾಗಿತ್ತು. ಮಗಳು ಶೈಲಶ್ರೀಗೆ ಡಾಕ್ಟರು ಕೊಟ್ಟ ತಾರೀಕು ಜನವರಿ ನಾಲ್ಕು. ಹೆರಿಗೆ ದವಾಖಾನೆಯಲ್ಲೇ ಆಗುತ್ತದೆ, ಅದರ ಚಿಂತೆಯಿಲ್ಲ. ಆದರೆ ದವಾಖಾನೆಯವರು ಮೂರನೇ ದಿನಕ್ಕೆ ಮನೆಗೆ ಕಳಿಸುತ್ತಾರೆ. ಆಮೇಲಿನ ನಲವತ್ತು ದಿನ, ಅದೂ ವರ್ಷದಲ್ಲೇ ಅತಿ ಹೆಚ್ಚು ಥಂಡಿ ಇರುವ ನಲವತ್ತು ದಿನ, ಬಾಣಂತಿಗೆ ದಿನಾ ಹಂಡೆ ನೀರು ಬೇಕು, ಕೂಸಿಗೆ ಎರಡು ಹೊತ್ತು ಕೆಂಡದ ಕಾವು ಬೇಕು. ಶೈಲಾ ಇರುವುದು ಕಲಬುರಗಿಯಲ್ಲಿ, ಮೂರನೇ ಅಂತಸ್ತಿನ ಒಂದು ಖೋಲಿಯಲ್ಲಿ. ಅತ್ತೆ ತೀರಿಕೊಂಡಿದ್ದಾಳೆ. ಉಳಿದದ್ದು ತವರುಮನೆ.

ತವರುಮನೆಯ ಬಾಗಿಲು ಎರಡು ವರ್ಷದಿಂದ ಮುಚ್ಚಿತ್ತು. ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಶೈಲಾ, ಅದೇ ಲ್ಯಾಬಿನ ಸುನೀಲಕುಮಾರನನ್ನು ರಜಿಸ್ಟರ್ ಮದುವೆಯಾಗಿದ್ದಳು. ಹುಡುಗ ತಮ್ಮ ಪೈಕಿ ಅಲ್ಲ. ಮಠದಲ್ಲಿ ಸೋಮವಾರಕ್ಕೊಮ್ಮೆ ಮೈಕ್ ಹಿಡಿದು, ಬಸವಣ್ಣನ ಎದುರು ಮೇಲಿಲ್ಲ ಕೀಳಿಲ್ಲ ಎಂದು ಮಾತಾಡುವ ಶಾಂತಲಿಂಗಪ್ಪ, ಆ ಸೋಮವಾರವೂ ಮಾತಾಡಿ ಬಂದು, ತಲೆಗೆ ಸುತ್ತಿದ ಪಟಗ ತೆಗೆದು ಗೂಟಕ್ಕೆ ಹಾಕಿ, "ಈ ಮನಿ ಹೊಸ್ತಿಲಾ ಆಕಿ ತುಳಿಯಂಗಿಲ್ಲ" ಅಂದಿದ್ದ. ಸುಂದರಬಾಯಿ ಆವತ್ತು ಏನೂ ಅಂದಿರಲಿಲ್ಲ. ಅವಳು ಸುಮ್ಮನಿದ್ದದ್ದನ್ನು ಇಡೀ ಓಣಿ ಒಪ್ಪಿಗೆ ಎಂದು ತಿಳಿಯಿತು. ಎರಡು ವರ್ಷ ಅವಳನ್ನು ಚುಚ್ಚುತ್ತಿದ್ದದ್ದು ಅದೇ.

ಅವಳು ಕೊಡಲಿಯನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸಿಟ್ಟು ಹಿಡಿಕೆ ಬಿಗಿ ಮಾಡಿಕೊಂಡಳು. ಮೊದಲ ದಿನವೇ ಅಂಗೈಯಲ್ಲಿ ಮೂರು ಬೊಕ್ಕೆ ಎದ್ದವು. ಎರಡನೇ ದಿನ ಬಟ್ಟೆ ಸುತ್ತಿಕೊಂಡಳು. ಮೂರನೇ ದಿನಕ್ಕೆ ಮರ ಅವಳಿಗೆ ತಿಳಿಯತೊಡಗಿತು. ತುಂಡಿನ ಕೊಯ್ದ ಮೈ ನೋಡಿದರೆ ನಡುವಿನಿಂದ ಅಂಚಿಗೆ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ನಡುವಿಗೆ ಹೊಡೆದರೆ ಕೊಡಲಿ ಕಚ್ಚಿಕೊಂಡು ಕೂಡುತ್ತದೆ. ಅಂಚಿನಲ್ಲಿ, ಬಿರುಕಿನ ಗುಂಟ ಹೊಡೆದರೆ ಅರ್ಧ ಕೆಲಸ ಮರವೇ ಮಾಡುತ್ತದೆ. ಗಂಟು ಇದ್ದ ಕಡೆ ಬೆಣೆ ಬಡಿಯಬೇಕು, ಸಿಟ್ಟು ಮಾಡಿಕೊಂಡರೆ ನಡೆಯುವುದಿಲ್ಲ.

ಎದುರುಮನೆಯ ಮದೀನಾಬಿ ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತ ಎಲ್ಲ ನೋಡುತ್ತಿದ್ದಳು. ಆ ಓಣಿಯ ಅರ್ಧ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದ ಕೈ ಅವಳದು.

"ಏ ಸುಂದರಾ, ಕೊಡ್ಲಿ ಹಿಡದೀದಿ. ಇನ್ನ ಮೀಸಿನೂ ಬರ್ತಾವ ನೋಡ್ ಬೇ."

"ಬರ್ಲಿ ಆಪಾ. ಮೀಸಿ ಇದ್ದವರು ಕಟ್ಟಿ ಮ್ಯಾಲ ಕುಂತಾರ."

ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬರು ಕೆಮ್ಮಿದರು. ಶಾಂತಲಿಂಗಪ್ಪ ಪೇಪರ್ ಹಾಳೆ ತಿರುವಿದ.

"ಯಾಕೋ ಅಪ್ಪಾ, ಇಷ್ಟ ಕಟ್ಟಿಗಿ?" ಎಂದು ಮಗ್ಗುಲಿನವರು ಕೇಳಿದಾಗ ಅವನು, "ಚಳಿಗಾಲ ಬಂತಲ್ರಿ. ನೀರ ಕಾಸಾಕ" ಅಂದ. ಅಲ್ಲಿಯವರೆಗೆ ಅದು ನಡೆಯುವ ಮಾತಾಗಿತ್ತು.

ಎರಡನೇ ವಾರ ಸುಂದರಬಾಯಿ ಕುಡಗೋಲು ಹಿಡಿದು ಕೂತು, ಸೀಳಿದ ಕಟ್ಟಿಗೆಯ ತೊಗಟೆ ಸುಲಿಯತೊಡಗಿದಳು. ಆಗ ಕಟ್ಟೆಯ ಮೇಲಿನ ಮಾತು ನಿಂತಿತು.

ಯಾಕೆಂದರೆ ಆ ಓಣಿಯಲ್ಲಿ ತೊಗಟೆ ಸುಲಿಯುವುದು ಒಂದೇ ಕೆಲಸಕ್ಕೆ. ಹೊಗೆ ಹೆಚ್ಚು ಬರುವುದು ತೊಗಟೆಯಿಂದ. ಅದು ಎಳೆಗೂಸಿನ ಕಣ್ಣಿಗೆ ಬಡಿಯಬಾರದು ಎಂದು ಬಾಣಂತಿ ಕೋಣೆಯ ಕಟ್ಟಿಗೆಯನ್ನು ಬತ್ತಲೆ ಮಾಡುತ್ತಾರೆ. ರೊಟ್ಟಿ ಬಡಿಯಲು ತೊಗರಿ ಕಟ್ಟಿಗೆ ಸಾಕು, ಮಂದಿಯ ಜಳಕಕ್ಕೆ ಸಿಕ್ಕದ್ದು ಸಾಕು. ಸುಲಿದ ಕಟ್ಟಿಗೆಯ ಬಣವೆ ಮನೆಮುಂದೆ ಕಂಡರೆ ಆ ಮನೆಗೆ ಮಗಳು ಬರುತ್ತಾಳೆ ಅಂತಲೇ ಅರ್ಥ. ಯಾರೂ ಕೇಳಬೇಕಿಲ್ಲ, ಯಾರೂ ಹೇಳಬೇಕಿಲ್ಲ. ಶಾಂತಲಿಂಗಪ್ಪನಿಗೆ ಇದ್ದದ್ದು ಒಬ್ಬಳೇ ಮಗಳು.

ಮದೀನಾಬಿ ಮೊರ ಬದಿಗಿಟ್ಟು, ತನ್ನ ಮನೆಯ ಕುಡಗೋಲು ತಂದು, ಸುಂದರಬಾಯಿಯ ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತಳು. ಒಂದು ಸೀಳು ಕೈಗೆತ್ತಿಕೊಂಡಳು.

"ಎಷ್ಟರಾಗ ಅದಾಳ?"

"ಆರು ತುಂಬ್ಯಾವ."

"ಕುಬಸದ ಕಾರ್ಯ?"

"ನಾನೇ ಮಾಡಾಕಿ."

"ಈ ತುದಿ ಸರಿ ಸುಲದಿಲ್ಲ ನೀ. ಇಲ್ಲಿ ತಾ."

ಅಷ್ಟೇ ಮಾತು.

ಸೋಮವಾರಕ್ಕೊಮ್ಮೆ ಶೈಲಾ ಫೋನ್ ಮಾಡುತ್ತಿದ್ದಳು, ಅಪ್ಪ ಮಠಕ್ಕೆ ಹೋದ ಹೊತ್ತು ನೋಡಿ. ಕಟ್ಟಿಗೆ ಒಣಗಿದ್ದು ಹೇಗೆ ತಿಳಿಯಬೇಕು ಅಂದರೆ ತೂಗಿ ನೋಡು ಅಂತ ಹೇಳಿಕೊಟ್ಟವಳೂ ಅವಳೇ. ಒಂದೇ ಸೀಳಿಗೆ ಇದ್ದಿಲಿಂದ ಗುರುತು ಹಾಕು, ವಾರವಾರ ಅದನ್ನೇ ತೂಗು, ಎರಡು ವಾರ ತೂಕ ಇಳಿಯಲಿಲ್ಲ ಅಂದರೆ ಒಳಗೆ ನೀರಿಲ್ಲ. ಸುಂದರಬಾಯಿ ಹತ್ತಿ ತೂಗುವ ಕೊಕ್ಕೆ ತಕ್ಕಡಿಗೆ ಆ ಸೀಳನ್ನು ನೇತುಹಾಕಿ ಓದುತ್ತಿದ್ದಳು. ಮೊದಲ ವಾರ ಮೂರು ಕಿಲೊ ಎರಡು ನೂರು. ಆಮೇಲೆ ಎರಡು ಏಳುನೂರು. ಆಮೇಲೆ ಎರಡು ನಾನೂರು.

"ನಿಂದೆಷ್ಟಾತು?" ಎಂದು ಅವಳೂ ಮಗಳ ತೂಕ ಕೇಳುತ್ತಿದ್ದಳು.

"ಐವತ್ತಾರು."

"ಹ್ವಾದ ಸಲ ಐವತ್ತೈದಿತ್ತು. ಹಾಲ್ ಕುಡಿ."

ಬಣವೆ ಏರುತ್ತ ಹೋಯಿತು. ಕೆಳಗೆ ಎರಡು ಸಾಲು ಕಲ್ಲು, ಅದರ ಮೇಲೆ ಒಂದು ಸಾಲು ಉದ್ದ, ಒಂದು ಸಾಲು ಅಡ್ಡ, ನಡುವೆ ಗಾಳಿ ಆಡಲು ಬೆರಳು ತೂರುವಷ್ಟು ಸಂದು. ಸಂಜೆಗೆ ತಾಡಪತ್ರಿ ಹೊದಿಸುವಳು, ಬೆಳಿಗ್ಗೆ ತೆಗೆಯುವಳು. ಎಲ್ಲಕ್ಕೂ ಮೇಲೆ ಹೊಳೆದಂಡೆಯ ಆ ಕರಿಗಲ್ಲು. ಬಿಸಿಲಿಗೆ ಸುಲಿದ ಮೈ ಕೆಂಪಗೆ ಹೊಳೆಯುತ್ತಿತ್ತು. ಅಫಜಲಪುರದ ಬಸ್ಸಿನಿಂದ ಇಳಿದು ಬರುವವರಿಗೆ ಓಣಿಯ ತಿರುವಿನಲ್ಲೇ ಕಾಣುತ್ತಿತ್ತು.

ಶಾಂತಲಿಂಗಪ್ಪ ಒಂದು ವಾರ ಕಟ್ಟೆಗೆ ಬರಲಿಲ್ಲ. ಬಂದ ದಿನ ಯಾರೋ ಬಣವೆಯ ಕಡೆ ಗದ್ದ ಎತ್ತಿ, "ಏನಪಾ ಶಾಂತಲಿಂಗಾ, ಸಿಹಿ ಸುದ್ದಿ ಏನ?" ಎಂದರು. ಅವನ ಬಾಯಿಂದ ತಟ್ಟನೆ ಬಂತು: "ಮಠದ ದಾಸೋಹಕ್ಕ ಕೊಡೂದದ. ಕಾರ್ತಿಕ ದೀಪ ಬಂತಲ್ಲ. ಶುದ್ಧ ಇರ್ಲಿ ಅಂತ ಸುಲದಾಳ."

ಅಂಗಳದಲ್ಲಿ ಕೊಡಲಿ ಒಂದು ಕ್ಷಣ ನಿಂತು ಮತ್ತೆ ಬಿತ್ತು.

ಹಾಗೆ ಬಂದ ಮಾತು ಮಠ ಮುಟ್ಟಲು ಎರಡು ದಿನವೂ ಹಿಡಿಯಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಖಾಲಿ ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರ್ ಮನೆಮುಂದೆ ನಿಂತಿತು. ಓಡಿಸಿಕೊಂಡು ಬಂದವನು ಚಾಂದಪಾಶಾನೇ. ಸುಂದರಬಾಯಿ ತಕ್ಕಡಿ ಹಿಡಿದು ಆಗಷ್ಟೇ ಹೊರಬಂದಿದ್ದಳು. ಕಟ್ಟೆಯ ಮೇಲೆ ನಾಲ್ಕು ಮಂದಿ ಹಿರಿಯರು.

"ಮಠದಿಂದ ಕಳಿಸ್ಯಾರ್ರಿ" ಎಂದ ಚಾಂದಪಾಶಾ, ಯಾರ ಮುಖವನ್ನೂ ನೋಡದೆ.

"ತುಂಬ್ಕೋ" ಎಂದ ಶಾಂತಲಿಂಗಪ್ಪ.

ಚಾಂದಪಾಶಾ ಬಣವೆಯ ಹತ್ತಿರ ಹೋದ. ಒಂದು ಸೀಳಿನ ಮೇಲೆ ಹೆಬ್ಬೆರಳು ಆಡಿಸಿದ. ಕೈ ಹಿಂದೆ ತೆಗೆದುಕೊಂಡ.

"ಯಾಕಲೇ, ನಿಂತೀದಿ?"

"ಅದನ್ನ ಮುಟ್ಟಬ್ಯಾಡ ಚಾಂದಪಾಶಾ" ಎಂದಳು ಸುಂದರಬಾಯಿ. ಧ್ವನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಅದು ಮಠದ್ದಲ್ಲ."

"ನಾ ಮಾತ ಕೊಟ್ಟೇನಿ" ಎಂದ ಗಂಡ.

"ನನ್ನ ಕಟ್ಟಿಗಿ ಮ್ಯಾಲ ನೀವ ಹೆಂಗ ಮಾತ ಕೊಟ್ರಿ?"

"ನನ್ನ ಹೊಲದಾಗ ಬಿದ್ದಿತ್ತು."

"ಬಿದ್ದಿತ್ತು. ಕಲ್ಲ ಯಾರದಿತ್ತು? ಕೇಳ್ರಿ ಇವನ್ನ."

ಎಲ್ಲರೂ ಚಾಂದಪಾಶಾನನ್ನು ನೋಡಿದರು. ಅವನು ಬಣವೆಯ ಮೇಲಿನ ಕರಿಗಲ್ಲಿನ ಕಡೆ ಕೈ ಮಾಡಿದ. "ಕಲ್ಲ ಅಕ್ಕಾರ್ದೇ ಇತ್ರಿ. ನಾನೇ ಹೊತ್ತ ತಂದೇನಿ. ಅಗಾ, ಅಲ್ಲೇ ಅದ."

ಹಿರಿಯರಲ್ಲಿ ಒಬ್ಬರು ಮೆಲ್ಲಗೆ ಹೇಳಿದರು: "ತಂಗಿ, ಕಲ್ಲಿನ ಮಾತು ಖರೆ. ಆದ್ರ ಮಠಕ್ಕ ಇಲ್ಲ ಅನಬಾರದವ್ವಾ."

ಸುಂದರಬಾಯಿ ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಬಣವೆಗೆ ಬೆನ್ನು ಕೊಟ್ಟು ನಿಂತಳು.

"ಮಠಕ್ಕ ನಾ ಇಲ್ಲ ಅನ್ನಾಕತ್ತಿಲ್ರಿ ಅಣ್ಣಾರ. ಅಲ್ಲಿ ಅನ್ನ ನಾನೂ ಉಂಡೇನಿ. ಹಿತ್ತಲದಾಗ ಹ್ವಾದ ವರ್ಷದ್ದು ತೊಗರಿ ಕಟ್ಟಿಗಿ ಬಣವಿ ಅದ, ನನ್ನ ಒಲಿಗಿ ಒಂದ್ ಹೊರಿ ಬಿಟ್ಟು ಎಲ್ಲಾ ಒಯ್ರಿ. ಇದು ಮಾತ್ರ ನಮ್ಮ ಶೈಲಾನ ಬಾಣಂತನದ್ದು. ಆಕಿಗಿ ಏಳು ತುಂಬ್ಯಾವ. ಬರೂ ಗುರುವಾರ ನಾ ಕಲಬುರಗಿಗಿ ಹೋಗಿ ಕರಕೊಂಡ ಬರ್ತೇನಿ. ಈ ಬಾಗಲದಾಗೇ ಇಳಸ್ತೇನಿ. ಹಿತ್ತಲದ ಬಾಗಲದಿಂದ ಅಲ್ಲ."

ಎರಡು ವರ್ಷದಲ್ಲಿ ಶೈಲಾಳ ಹೆಸರು ಆ ಓಣಿಯಲ್ಲಿ ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಶಾಂತಲಿಂಗಪ್ಪನ ಕಿವಿ ಕೆಂಪಾಗಿದ್ದವು.

ಎದುರುಬಾಗಿಲಿನಿಂದ ಮದೀನಾಬಿ ಕೂಗಿದಳು: "ನೀರ ಎರಿಯಾಕಿ ನಾನು! ಯಾರಿಗರೆ ತಕರಾರ ಇದ್ರ ಈಗೇ ಹೇಳ್ರಿ. ನಿಮ್ಮೆಲ್ಲಾರ್ನೂ ಎರದದ್ದು ಇದೇ ಕೈ."

"ನನ್ನ ಎರದದ್ದು ನೀ ಅಲ್ಲ, ನಿಮ್ಮವ್ವ" ಎಂದರು ಹಿರಿಯರಲ್ಲೊಬ್ಬರು.

"ಆಕಿ ಮಗಳ ನಾನು. ಎಲ್ಲಾ ಹೇಳ್ಯಾಳ. ಬಾಳ ಅಳತಿದ್ಯಂತ."

ಚಾಂದಪಾಶಾ ನಗು ತಡೆಯಲಾರದೆ ಮುಖ ತಿರುಗಿಸಿದ. ಟ್ರ್ಯಾಕ್ಟರನ್ನು ಸುತ್ತು ಹಾಕಿಸಿ ಹಿತ್ತಲಿಗೆ ಒಯ್ದ. ಅರ್ಧ ತಾಸಿನಲ್ಲಿ ತೊಗರಿ ಕಟ್ಟಿಗೆ ತುಂಬಿಕೊಂಡು ಮಠದ ದಾರಿ ಹಿಡಿದ. ಹಿರಿಯರು ಒಬ್ಬೊಬ್ಬರೇ ಎದ್ದು ಹೋದರು. ಅಂಗಳದಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

ಬಣವೆಯ ಮಗ್ಗುಲಿಗೆ ಮರದ ಬುಡದ ದಿಮ್ಮಿಯೊಂದು ಬಿದ್ದಿತ್ತು. ಅದೊಂದೇ ಸೀಳಲು ಬಾಕಿ. ಮೇಲಿನ ಮೈಯೆಲ್ಲ ಗಂಟು, ಬೆಣೆ ಹೋಗುತ್ತಿರಲಿಲ್ಲ. ಬಿರುಕು ಇದ್ದರೆ ನೆಲಕ್ಕೆ ತಾಗಿದ ಮಗ್ಗುಲಲ್ಲಿ ಇರಬೇಕು. ಮೂರು ದಿನದಿಂದ ಅವಳು ಹಾರೆ ಹಾಕಿ ಮೀಟುತ್ತಿದ್ದಳು. ಅದು ನಾಲ್ಕು ಬೆರಳು ಏಳುವುದು, ಮತ್ತೆ ಕೂಡುವುದು.

"ಆಕಿ ಈ ಮನಿಗಿ ಬಂದ್ರ ನಾ ಮನಿ ಬಿಡತೇನಿ" ಎಂದ ಶಾಂತಲಿಂಗಪ್ಪ.

"ಎಲ್ಲಿಗಿ ಹೋಗ್ತೀರಿ?"

"ಮಠದಾಗ ಇರ್ತೇನಿ."

"ಇರ್ರಿ. ನಿಮ್ಮ ಅನ್ನಕ್ಕ ಕಟ್ಟಿಗಿ ಈಗಷ್ಟ ಹ್ವಾದ್ವು."

ಅವನು ಪಟಗ ಎತ್ತಿಕೊಂಡ. ಅವಳು ಹಾರೆ ಎತ್ತಿಕೊಂಡಳು.

"ಹೋಗೂ ಮುಂದ ಈ ದಿಮ್ಮಿ ಮಗ್ಗಲಾ ಹೊಳ್ಳಿಸಿ ಹೋಗ್ರಿ. ನನಗೊಬ್ಬಾಕಿಗಿ ಆಗಂಗಿಲ್ಲ."

ಶಾಂತಲಿಂಗಪ್ಪ ಅವಳನ್ನು ನೋಡಿದ. ಅವಳು ಬೇಡುತ್ತಿರಲಿಲ್ಲ. ಹಾರೆಯ ತುದಿಯನ್ನು ದಿಮ್ಮಿಯ ಕೆಳಗೆ ತೂರಿಸಿ, ಮೈಭಾರ ಹಾಕಿ, ಅವನ ದಾರಿ ಕಾಯದೆ ಮೀಟಲು ಶುರು ಮಾಡಿದ್ದಳು. ದಿಮ್ಮಿ ನಾಲ್ಕು ಬೆರಳು ಎದ್ದಿತು. ಅವಳ ತೋಳು ನಡುಗತೊಡಗಿತು. ಈಗ ಕೈಬಿಟ್ಟರೆ ಹಾರೆ ಸಿಡಿದು ಅವಳ ಮುಖಕ್ಕೇ ಬಡಿಯುವುದು ಇಬ್ಬರಿಗೂ ಗೊತ್ತಿತ್ತು.

ಅವನು ಪಟಗವನ್ನು ಕಟ್ಟೆಯ ಮೇಲೆ ಒಗೆದು, ಬಗ್ಗಿ, ದಿಮ್ಮಿಗೆ ಭುಜ ಕೊಟ್ಟ. ಒಮ್ಮೆ ನರಳಿದ. ದಿಮ್ಮಿ ಧಡ್ ಎಂದು ಮಗ್ಗುಲು ಹೊರಳಿತು. ಕೆಳಗಿದ್ದ ಹಸಿಮಣ್ಣಿನಿಂದ ಬಿಳಿ ಹುಳುಗಳು ಚದುರಿದವು.

ಅಂಗಿಯ ಮೇಲಿನ ಮಣ್ಣು ಕೊಡವಿಕೊಂಡು ಅವನು ಮಠದ ಕಡೆ ನಡೆದ. ಬರಿತಲೆಯಲ್ಲೇ ಹೋದ. ಪಟಗ ಕಟ್ಟೆಯ ಮೇಲೇ ಇತ್ತು.

ಸುಂದರಬಾಯಿ ಗುರುತಿನ ಸೀಳನ್ನು ತಕ್ಕಡಿಗೆ ಸಿಕ್ಕಿಸಿ ನೋಡಿದಳು. ಆಗಲೇ ಫೋನ್ ಬಂತು.

"ತೂಕ ಎಷ್ಟ ಬಂತು ಅವ್ವಾ?"

"ಎರಡು ಎರಡು ನೂರು. ಹ್ವಾದ ವಾರಾನೂ ಅಷ್ಟೇ ಇತ್ತು."

"ಹಂಗಾರ ಒಣಗೇದ."

"ಒಣಗೇದ. ನಿಂದು?"

"ಐವತ್ತೊಂಬತ್ತು. ಅಪ್ಪಾಗ ಹೇಳಿದಿ?"

"ಓಣಿಗೆಲ್ಲಾ ಹೇಳೇನಿ. ಅವರೂ ಇದ್ರು."

"ಏನಂದ್ರು?"

"ಮನಿ ಬಿಡತೇನಿ ಅಂದ್ರು. ದಿಮ್ಮಿ ಹೊಳ್ಳಿಸಿ ಹ್ವಾದ್ರು."

"ಮತ್ತ ಬರ್ತಾರೇನವ್ವಾ?"

ಸುಂದರಬಾಯಿ ಕಟ್ಟೆಯ ಮೇಲಿನ ಪಟಗ ನೋಡಿದಳು. ಗಾಳಿಗೆ ಅದರ ಒಂದು ಸುತ್ತು ಬಿಚ್ಚಿಕೊಂಡಿತ್ತು.

"ಬಂದ್ರ ಒಲಿ ಮುಂದ ಜಾಗಾ ಅದ, ಬರ್ಲಿಲ್ಲಂದ್ರ ಅವರ ಖುಷಿ. ನೀ ಗುರುವಾರ ಎಂಟಕ್ಕ ತಯಾರಿರು. ಚಾಂದಪಾಶಾನ ತಮ್ಮನ ಜೀಪ ಹೇಳೇನಿ."

ಫೋನಿಟ್ಟು ದಿಮ್ಮಿಯ ಹತ್ತಿರ ಬಂದಳು. ಹೊಸದಾಗಿ ಮೇಲೆ ಬಂದ ಮೈಯ ಮಣ್ಣನ್ನು ಸೆರಗಿನಿಂದ ಒರೆಸಿದಳು. ಅವಳು ಅಂದುಕೊಂಡ ಜಾಗದಲ್ಲೇ, ನಡುವಿನಿಂದ ಅಂಚಿನ ತನಕ, ಬಿರುಕು ಇತ್ತು. ಬೆಣೆ ಇಟ್ಟು ಕೊಡಲಿಯ ಹಿಂಬದಿಯಿಂದ ಬಡಿದಳು. ಮೂರನೇ ಪೆಟ್ಟಿಗೆ ಓಣಿಗೆಲ್ಲ ಕೇಳುವಂತೆ ದಿಮ್ಮಿ ಬಾಯಿ ಬಿಟ್ಟಿತು.