ಮಧ್ಯಾಹ್ನ ಒಂದರಿಂದ ನಾಲ್ಕು

ಪುಸ್ತಕಗಳಿಗೆ ರಟ್ಟು ಕಟ್ಟುವುದು ನನ್ನ ಹಗಲಿನ ಕೆಲಸ. ಕಂಪ್ಯೂಟರ್ ಕಲಿತದ್ದು ಸಂಜೆ ತರಗತಿಯಲ್ಲಿ, ಅದೂ ಎರಡೇ ವರ್ಷ. ಕಣ್ಣು ಕಾಣದವರಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ನಮ್ಮ ಬಳಗದಲ್ಲಿ ಅಷ್ಟಾದರೂ ಕಲಿತವನು ನಾನೊಬ್ಬನೇ. ಹಾಗಾಗಿ ಆ ಧ್ವನಿಗಳನ್ನೆಲ್ಲ ಎಲ್ಲಿಡಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು.

ದಾರಿ ಎರಡಿದ್ದವು. ನಮಗಾಗಿಯೇ ಮೀಸಲಾದ ಒಂದು ಸರ್ವರನ್ನು, ಎಂದರೆ ಹಗಲಿರುಳು ನಡೆಯುವ ಕಂಪ್ಯೂಟರನ್ನು, ಯಾವುದಾದರೂ ಕಂಪನಿಯಿಂದ ಬಾಡಿಗೆಗೆ ಹಿಡಿಯಬಹುದಿತ್ತು. ಅದು ನಿಲ್ಲದಂತೆ ಕಾಯುವವರು ಅಲ್ಲಿಯೇ ಇರುತ್ತಾರೆ. ಇಲ್ಲವೇ ನಮ್ಮ ಮನೆಯ ಹಳೆಯ ಕಂಪ್ಯೂಟರನ್ನು ಸದಾ ಚಾಲೂ ಇಟ್ಟು, ಇಂಟರ್ನೆಟ್ ಮೂಲಕ ಕೇಳುಗರಿಗೆ ಅದರಿಂದಲೇ ಪಾಠ ಸಿಗುವಂತೆ ಮಾಡಬಹುದಿತ್ತು.

"ಬಾಡಿಗೆಗೇ ತಗೊಳ್ಳೋಣಪ್ಪ, ನಿನಗ್ಯಾಕೆ ತಲೆನೋವು?" ಎಂದರು ದೊಡ್ಡ ಟೀಚರ್. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ, ಬಳಗ ಕಟ್ಟಿದವರು.

"ಬೇಡ ಟೀಚರ್. ನಮ್ಮನೇಲಿದ್ರೆ ಕಣ್ಣೆದುರಿಗೇ ಇರುತ್ತೆ."

ಕಣ್ಣೆದುರಿಗಂತೆ! ಹಗಲೆಲ್ಲ ನಾನು ಮನೆಯಲ್ಲೇ ಇರುವುದಿಲ್ಲ. ನಿಜ ಹೇಳಬೇಕೆಂದರೆ, ಎಲ್ಲ ಇವನ ಮನೆಯಿಂದಲೇ ನಡೆಯುತ್ತದೆ ಎಂದು ನಾಲ್ಕು ಜನ ಹೇಳಲಿ ಎಂಬ ಆಸೆ ನನಗೆ. ಹೇಳಿದರು ಕೂಡ. ನಾನು ಒಳಗೊಳಗೇ ಉಬ್ಬಿದೆ.

ಮನೆಯ ಕಂಪ್ಯೂಟರಿನಿಂದ ಪಾಠ ಶುರುವಾದ ಮೂರನೆಯ ವಾರ, ಸೋಮವಾರ, ನಮ್ಮ ಕೇಳುಗರಲ್ಲಿ ಒಬ್ಬರಾದ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಫೋನ್ ಮಾಡಿದರು. ಹುಟ್ಟಿನಿಂದ ಕಣ್ಣು ಕಾಣದ ಹೆಣ್ಣುಮಗಳು. ಅದೇ ಭಾನುವಾರ ಅವರಿಗೆ ಬಡ್ತಿ ಪರೀಕ್ಷೆ. ತಪ್ಪಿದರೆ ಇನ್ನು ಮೂರು ವರ್ಷ ಕಾಯಬೇಕು. ಅಕ್ಕನ ಮನೆಯಲ್ಲಿ ವಾಸ, ಸಂಜೆಯಾದರೆ ಮಕ್ಕಳ ಗಲಾಟೆ. ಅವರು ಪಾಠ ಕೇಳಲು ಆಗುವುದು ಡ್ಯೂಟಿ ಮುಗಿದ ಮೇಲೆ, ಮಧ್ಯಾಹ್ನ ಮಾತ್ರ.

"ಅಣ್ಣ, ನಾಲ್ಕು ದಿನದಿಂದ ಪಾಠ ಬರ್ತಾನೇ ಇಲ್ಲ. ಕೊನೇ ಎರಡು ಅಧ್ಯಾಯ ಬಾಕಿ ಇದೆ."

ಸಂಜೆ ಮನೆಗೆ ಬಂದು ನೋಡಿದೆ. ಎಲ್ಲ ಸರಿಯಾಗಿತ್ತು. "ನಮ್ಮ ಕಡೆ ಏನೂ ತೊಂದರೆ ಇಲ್ಲಮ್ಮ, ನಿಮ್ಮ ಫೋನೇ ಕೆಟ್ಟಿರಬೇಕು," ಎಂದುಬಿಟ್ಟೆ. ಅನುಮಾನವಿಲ್ಲದೆ ಹೇಳಿದೆ. ಮಧ್ಯಾಹ್ನದ ಹೊತ್ತು ಒಮ್ಮೆಯಾದರೂ ನೋಡೋಣ ಎಂದು ಹೊಳೆಯಲಿಲ್ಲ.

ಬುಧವಾರ ಅಂಗಡಿಯಲ್ಲಿ ಅಂಟು ಮುಗಿದು ಬೇಗ ಮನೆಗೆ ಬಂದೆ. ಕಂಪ್ಯೂಟರಿನ ಫ್ಯಾನು ಸದ್ದಿಲ್ಲದೆ ನಿಂತಿತ್ತು, ಪ್ಲಗ್ಗು ನೆಲದ ಮೇಲಿತ್ತು. ಪಕ್ಕದಲ್ಲಿ ಅಮ್ಮ ಬಟ್ಟೆ ಮಡಿಸುತ್ತಿದ್ದಳು.

"ಅದರ ಮೈ ಸುಡ್ತಾ ಇತ್ತು ಕಣೋ," ಎಂದಳು. "ನಾನಿದ್ದ ಬಟ್ಟೆ ಕಾರ್ಖಾನೇಲಿ ಊಟದ ಹೊತ್ತಿಗೆ ಹೊಲಿಗೆ ಮಷಿನ್ ಆರಿಸದೇ ಇದ್ರೆ ಮೇಸ್ತ್ರಿ ಕೂಗಾಡ್ತಿದ್ದ. ಅದಕ್ಕೂ ಉಸಿರು ಬೇಡ್ವಾ?"

"ದಿನಾ ಆರಿಸ್ತೀಯಾ?"

"ಮತ್ತೆ? ಹೋದ ವಾರ ಬಿಸಿಲೇರಿದಾಗಿಂದ ಒಂದಕ್ಕೆ ಕೀಳ್ತೀನಿ, ನಾಲ್ಕಕ್ಕೆ ಹಾಕ್ತೀನಿ. ಇಷ್ಟು ದಿನ ನಿನಗೆ ಗೊತ್ತೇ ಆಗ್ಲಿಲ್ಲ, ಭಾರೀ ಎಂಜಿನಿಯರ್!"

ಇದನ್ನು ಆರಿಸಬಾರದು ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಇಡೀ ಊರಿಗೆ ಹೇಳಿಕೊಂಡು ತಿರುಗಿದವನು ಮನೆಯಲ್ಲಿ ಹೇಳಲು ಮರೆತಿದ್ದೆ.

ಆಗ ಹೇಳಿದೆ; ಮರುದಿನದಿಂದ ಯಂತ್ರ ನಿಲ್ಲಲಿಲ್ಲ. ಇನ್ನು ಆಪರೇಟರಿಗೆ ಪಾಠ ಸಿಗುತ್ತದೆ, ಯಾರಿಗೂ ಏನೂ ಹೇಳುವುದು ಬೇಡ ಎಂದು ಸುಮ್ಮನಾದೆ. ಗುರುವಾರ ಸಂಜೆ ಅವರೇ ಫೋನ್ ಮಾಡಿದರು.

"ಅಣ್ಣ, ನೀವು ಹೇಳಿದ ಹಾಗೆ ನನ್ನ ಫೋನ್ ರಿಪೇರಿಗೆ ಕೊಟ್ಟೆ. ಇದು ಅಕ್ಕನ ಫೋನು, ಸಂಜೆ ಮಾತ್ರ ಸಿಗುತ್ತೆ. ಅಂಗಡಿಯವನು ಎಲ್ಲ ಬಿಚ್ಚಿಟ್ಟಿದ್ದಾನೆ, ಸೋಮವಾರ ಕೊಡ್ತಾನಂತೆ. ನಿಮಗೆ ಸುಮ್ನೆ ತೊಂದರೆ ಕೊಟ್ಟೆ, ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಬಾರದಂತೆ, ನಾನು!

ಶುಕ್ರವಾರ ಅರ್ಧ ದಿನ ರಜೆ ಹಾಕಿ, ಅವರ ಪರೀಕ್ಷೆಯ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಪುಟ್ಟ ಕೋಣೆ. ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು.

"ನಿಮ್ಮ ಫೋನ್ ಕೆಟ್ಟಿರಲಿಲ್ಲ," ಎಂದೆ. "ನಮ್ಮ ಮನೆಯ..."

"ಒಂದ್ನಿಮಿಷ. ಹೆರಿಗೆ ವಾರ್ಡಾ? ಕೊಡ್ತೀನಿ ಇರಿ. ಹ್ಞಾ, ಹೇಳಿ ಅಣ್ಣ."

ಮತ್ತೆ ಮೊದಲಿನಿಂದ ಹೇಳಿದೆ. ನಡುವೆ ಎಕ್ಸ್‌ರೇ ಕೋಣೆಗೆ ಒಂದು ಕರೆ, ಔಷಧದ ಅಂಗಡಿಗೆ ಎರಡು. ಒಂದೇ ತಪ್ಪನ್ನು ನಾಲ್ಕು ತುಂಡು ಮಾಡಿ ಒಪ್ಪಿಸಿದೆ.

"ಯಾವತ್ತು ಗೊತ್ತಾಯ್ತು ನಿಮಗೆ?"

"ಬುಧವಾರ."

"ನಾನು ನಿನ್ನೆ ಮಾತಾಡ್ದಾಗ ಗೊತ್ತಿತ್ತು."

"ಗೊತ್ತಿತ್ತು."

ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಆ ಅಂಗಡಿಯವನ ಹತ್ರ ಜಗಳ ಆಡಿದ್ದೆ ನಾನು, ಮಾರೋವಾಗಲೇ ಕೆಟ್ಟ ಫೋನ್ ಕೊಟ್ಟೆ ಅಂತ."

ನನಗೆ ತಲೆ ಎತ್ತಲಾಗಲಿಲ್ಲ. ಅವರಿಗೆ ಅದು ಕಾಣುವುದಿಲ್ಲ ಎಂಬುದು ನೆನಪಾಗಿ ಇನ್ನೂ ಕುಗ್ಗಿದೆ.

"ಪುಸ್ತಕ ತಂದಿದ್ದೀನಿ. ಇವತ್ತು, ನಾಳೆ ಕೂತು ಓದಿ ಹೇಳ್ತೀನಿ."

"ಆಮೇಲೆ ಓದೋರಂತೆ. ನನ್ನ ಹಾಗೆ ಮಧ್ಯಾಹ್ನ ಕೇಳೋರು ಇನ್ನೆಷ್ಟು ಜನ ತಮ್ಮ ಫೋನ್ ಬೈಕೊಂಡು ಕೂತಿದ್ದಾರೋ. ದೊಡ್ಡ ಟೀಚರ್ ನಂಬರ್ ಹೇಳಿ, ಲೈನ್ ನಾನೇ ಕೊಡ್ತೀನಿ."

ಹೇಳಿದೆ. ಅವರ ಬೆರಳು ತಡವರಿಸದೆ ಗುಂಡಿಗಳನ್ನು ಒತ್ತಿತು. ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟರು. ಆ ಕಡೆ ಟೀಚರ್ "ಯಾರು?" ಎಂದರು.

"ನಾನೇ, ಟೀಚರ್. ಆ ಸರ್ವರ್ ಬಾಡಿಗೆಗೆ ತಗೋಬೇಕು. ಯಾಕೆ ಅಂತ ಪೂರ್ತಿ ಹೇಳ್ತೀನಿ, ಮಧ್ಯೆ ನಿಲ್ಲಿಸಬೇಡಿ, ನಿಲ್ಲಿಸಿದ್ರೆ ನನಗೆ ಹೇಳಕ್ಕಾಗಲ್ಲ."

ಮಾತು ಮುಗಿಯುವ ಹೊತ್ತಿಗೆ ಮುಂದಿನ ಪಾಳಿಯ ಆಪರೇಟರ್ ಬಂದಿದ್ದರು. ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಬಾಕಿಯಿದ್ದ ಹನ್ನೊಂದನೆಯ ಅಧ್ಯಾಯ ತೆರೆದು ಓದತೊಡಗಿದೆ.

"ನಿಧಾನ," ಎಂದರು ಅವರು, ಮುಖ ಸಡಿಲಿಸದೆ. "ಇನ್ನೊಂದ್ಸಲ ಮೊದಲಿಂದ ಓದಿ."