ಗಾಳಿ ಕುಡಿಯುವ ಮೀನು

ಊರಿನ ಹೆಸರು ಹೇಳುವುದಿಲ್ಲ. ಮನೋಳಿಯಿಂದ ಹೊಳೆಗುಂಟ ಮೇಲಕ್ಕೆ ನಡೆದರೆ ಸಿಗುತ್ತದೆ, ಅಷ್ಟು ಸಾಕು. ಅವತ್ತು ಹಗ್ಗ ಹಿಡಿದವರ ಮಕ್ಕಳು ಇನ್ನೂ ಅಲ್ಲೇ ಇದ್ದಾರೆ, ಅವರ ಉಸಾಬರಿ ನನಗೆ ಬೇಡ.

ಐವತ್ತೆರಡನೆಯ ಇಸವಿಯ ವೈಶಾಖ. ಒಂದು ಬುಧವಾರ ಬೆಳಗಾಗುವಷ್ಟರಲ್ಲಿ ಗುಡಿಯ ಹೊಂಡದಲ್ಲಿದ್ದ ದೇವರ ಮೀನುಗಳು ಸತ್ತು ತೇಲಿದವು. ಮೂರು ತಲೆಮಾರಿನಿಂದ ಊರು ಚುರುಮುರಿ ಹಾಕಿ ಸಾಕಿದ್ದ ಗೆಂಡೆಗಳು, ಒಂದೊಂದೂ ಮೊಳದುದ್ದ, ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಬೇಸಿಗೆಗೆ ಸೊಂಟದ ಮಟ್ಟಕ್ಕಿಳಿದಿದ್ದ ನೀರು ಬೆಳ್ಳಗೆ ಕದಡಿತ್ತು. ಹೆಂಗಸರು ಬಾಯಿ ಬಡಿದುಕೊಂಡರು. ಮೊನ್ನೆ ಸೋಮವಾರ ದೇವರಿಗೆ ಹನ್ನೊಂದು ಕೊಡ ಹಾಲೆರೆದ ಊರಿಗೆ ಇಂಥ ಗತಿ ಬರಬೇಕೇ ಎಂದು ಅತ್ತರು.

ಪೂಜಾರಿ ತ್ರ್ಯಂಬಕ ಭಟ್ಟರ ಮಗ ದಿಗಂಬರ ಓಡಿ ಬಂದಾಗ ಶಟ್ಟೆಪ್ಪನನ್ನು ಆಗಲೇ ಎಳೆತಂದು ಹೊಂಡದ ದಂಡೆಯ ಬೇವಿನ ಮರಕ್ಕೆ ಕಟ್ಟಿಯಾಗಿತ್ತು. ಶಟ್ಟೆಪ್ಪ ಹೊಲಗೇರಿಯವನು, ಹೊಳೆಯಲ್ಲಿ ಬಲೆ ಹಾಕಿ ಬದುಕುವವನು. ಎರಡು ದಿನದ ಹಿಂದೆ ಅವನು ಕಳ್ಳಿ ಕಡಿದಿದ್ದನ್ನು ನಾಲ್ಕು ಮಂದಿ ನೋಡಿದ್ದರು. ಕಳ್ಳಿಯ ಹಾಲು ಬೆರೆಸಿ ಹೊಳೆಯ ಮಡುವಿನಲ್ಲಿ ಮೀನು ಹಿಡಿಯುವ ಕೆಟ್ಟ ರೂಢಿ ಆ ಕಡೆ ಎಲ್ಲರಿಗೂ ಗೊತ್ತು. ಹೊಂಡದ ನೀರು ಬೇರೆ ಬೆಳ್ಳಗಾಗಿದೆ. ಇನ್ನೇನು ಬೇಕು? ಊರಿಗೆ ಊರೇ ನ್ಯಾಯಾಧೀಶನಾಯಿತು.

"ಬೇಲಿ ಹಚ್ಚಾಕ ಕಡದೇನ್ರಿ ಗೌಡ್ರ. ದೇವರ ಹೊಂಡದ ಕಡೆ ನಾ ಹೊಳ್ಳಿನೂ ನೋಡಿಲ್ರಿ" ಎಂದ ಶಟ್ಟೆಪ್ಪ. ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿದಿತ್ತು.

"ಬೇಲಿ ಅಂತ ಬೇಲಿ!" ಎಂದ ಊರಗೌಡ. "ಹೊತ್ತು ನೆತ್ತಿಗೆ ಬರೂದ್ರಾಗ ಇವನ ಗುಡಸಲಾ ಕಿತ್ತು, ಹೆಂಡ್ತಿ ಮಕ್ಕಳನ್ನ ಹೊಳಿ ಆಚಿ ದಾಟಸ್ರಿ. ಇನ್ನ ಈ ಊರಾಗ ಇವರಿಗೆ ನೀರಿಲ್ಲ, ನೆಳ್ಳಿಲ್ಲ."

ಹಗ್ಗ, ಹಾರೆ ಹಿಡಿದ ನಾಲ್ಕು ಜನ ಹೊಳೆದಂಡೆಯ ಕಡೆಗೆ ಹೊರಟೇಬಿಟ್ಟರು.

ದಿಗಂಬರ ಧಾರವಾಡದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ, ಕೊನೆಯ ಪರೀಕ್ಷೆ ಬರೆದು ಬಂದು ವಾರವಾಗಿತ್ತು. ಮನೆಯವರು ತಿಳಿದಂತೆ ಅದು ಪುಸ್ತಕದ ಓದು. ಆದರೆ ಹೋದ ದೀಪಾವಳಿ ರಜೆಯಲ್ಲಿ ಹೊಳೆದಂಡೆಯ ಜಾಲಿಮರದ ಕೆಳಗೆ ಅವನಿಗೆ ದಿನಾ ಮೀನು ತಂದುಕೊಟ್ಟವನು ಇದೇ ಶಟ್ಟೆಪ್ಪ. ದಿಗಂಬರ ಕೊಯ್ದು ಕರುಳು, ಗಾಳಿಚೀಲ, ಕಿವಿರು ಬಿಡಿಸುತ್ತಿದ್ದ. ಶಟ್ಟೆಪ್ಪ ಬೀಡಿ ಹಚ್ಚಿ ಪಕ್ಕದಲ್ಲಿ ಕೂತು ನಗುತ್ತಿದ್ದ. ಕಾಲೇಜಿನ ಪುಸ್ತಕದಲ್ಲಿ ಮೀನುಗಳಿಗೆ ಹತ್ತೆಂಟು ಗಣ, ನೂರೆಂಟು ಕುಲ. ಶಟ್ಟೆಪ್ಪನ ಲೆಕ್ಕದಲ್ಲಿ ಎರಡೇ: "ಸಣ್ಣ ಭಟ್ರ, ನೀರ ಕುಡಿಯೂ ಮೀನ ಒಂದು, ಗಾಳಿ ಕುಡಿಯೂ ಮೀನ ಒಂದು. ಉಳಿದದ್ದೆಲ್ಲಾ ನಿಮ್ಮ ಮಾಸ್ತರ ಹೊಟ್ಟಿಪಾಡು." ಪೂಜಾರಿಯ ಮಗ ಮೀನು ಕೊಯ್ಯುವ ಗುಟ್ಟನ್ನು ಶಟ್ಟೆಪ್ಪ ಇಂದಿನವರೆಗೆ ಊರಿನ ಯಾರ ಮುಂದೆಯೂ ಆಡಿರಲಿಲ್ಲ.

ಗುಡಿಯ ಗೋಡೆಯಾಚೆಯಿಂದ ಶಟ್ಟೆಪ್ಪನ ಹೆಂಡತಿ ಸಾವಂತ್ರೆವ್ವ ಕೂಗಿದಳು. ಗಂಡನನ್ನು ಎಳೆದು ತಂದಿದ್ದರೂ ಅವಳು ಒಳಗೆ ಬರುವ ಹಾಗಿರಲಿಲ್ಲ. "ಸಣ್ಣ ಭಟ್ರ! ಗಾಳಿ ಕುಡಿಯೂ ಮರಲ ಮೀನ ಸತ್ತಾವೇನ್ರಿ? ಅಷ್ಟು ನೋಡಿ ಹೇಳ್ರಿ, ನಿಮ್ಮ ಕಾಲ ಬೀಳ್ತೇನಿ!"

ದಿಗಂಬರ ದಡದಡ ಮೆಟ್ಟಿಲಿಳಿದ. ಹತ್ತಿರದ ಗೆಂಡೆಯೊಂದನ್ನು ಎತ್ತಿದ. ಬಾಯಿ ಆ ಎಂದು ತೆರೆದೇ ಇತ್ತು, ಎರಡೂ ಕೆನ್ನೆಯ ಕಿವಿರು ಮುಚ್ಚಳ ಉಬ್ಬಿ ನಿಂತಿದ್ದವು. ಉಸಿರಿಗೆ ಬಡಿದಾಡಿ ಸತ್ತ ಮೀನು ಅದು.

"ದಿಗಂಬರಾ! ಸತ್ತ ಮೀನು ಮುಟ್ಟಿದಿ?" ಎಂದು ಮೇಲಿನಿಂದ ಅಪ್ಪ ಚೀರಿದರು.

"ದೀಪಾವಳಿಯಿಂದ ಮುಟ್ಟಲಿಕ್ಕೆ ಹತ್ತೇನಿ ಅಪ್ಪಾ. ಕೊಯ್ದೂ ನೋಡೇನಿ" ಎಂದುಬಿಟ್ಟ. ಮಂದಿ ಗುಸುಗುಸು ಎಂದರು. ಅವನಿಗೆ ಅದನ್ನು ಕೇಳುವ ವ್ಯವಧಾನವಿರಲಿಲ್ಲ. ಹೊಂಡದ ಮೂಲೆಯಲ್ಲಿ ಗುಳುಕ್ ಎಂದಿತ್ತು. ಹಾವಿನಂಥ ತಲೆಯೊಂದು ಮೇಲೆ ಬಂತು, ಒಂದು ಗುಟುಕು ಗಾಳಿ ತೆಗೆದುಕೊಂಡು ಮುಳುಗಿತು. ಮತ್ತೊಂದು ಬಂತು. ಆಮೇಲೆ ಮೂರನೆಯದು. ಮರಲ ಮೀನು ಒಂದೂ ಸತ್ತಿರಲಿಲ್ಲ!

"ಗೌಡ್ರ, ಗುಡಸಲಾ ಕೀಳೋದು ನಿಲ್ಲಸ್ರಿ!" ದಿಗಂಬರ ಕೂಗಿದ. "ಗೆಂಡಿ ನೀರೊಳಗಿನ ಗಾಳೀನ ಕಿವಿರಿನಿಂದ ಸೋಸಿ ತಗೋತದ. ನೀರಾಗ ಗಾಳಿ ತೀರಿದ್ರ ಅದರ ಕಥೀ ಮುಗೀತು. ಮರಲಕ್ಕ ತಲಿಯೊಳಗ, ಕಿವಿರಿನ ಮ್ಯಾಲೆ, ಗಾಳಿ ತುಂಬಿಕೊಳ್ಳೋ ಪೊಳ್ಳು ಅದ. ಅದು ಮ್ಯಾಲೆ ಬಂದು ನಮ್ಮಂಗ ಉಸಿರಾಡತದ. ಇಲ್ಲಿ ಉಸಿರುಗಟ್ಟೇದ, ವಿಷ ಬಿದ್ದಿಲ್ಲ. ವಿಷ ಬಿದ್ದಿದ್ರ ಮರಲನೂ ಸಾಯ್ತಿದ್ದವು."

"ಅದು ಗಟ್ಟಿ ಜೀವ, ವಿಷ ಕುಡದೂ ಬದಕತೈತಿ" ಎಂದ ಗೌಡ. "ಪುಸ್ತಕದ ಬದನೀಕಾಯಿ ಹೇಳಬ್ಯಾಡ ತಮ್ಮಾ. ತೋರಸು."

ತೋರಿಸು! ಪುಸ್ತಕದಲ್ಲಿ ಕಳ್ಳಿಹಾಲಿನ ಮಾತೇ ಇರಲಿಲ್ಲ. ದಿಗಂಬರ ಗೋಡೆಯ ಕಡೆ ನೋಡಿದ. ಸಾವಂತ್ರೆವ್ವ ಗಟ್ಟಿಯಾಗಿ ಅಂದಳು: "ಕಳ್ಳಿ ಹಾಲಿಗೆ ಯಾವ ಮೀನೂ ಉಳಿಯಂಗಿಲ್ರಿ. ಮಾಡಿ ನೋಡ್ರಿ."

ಎರಡು ಅಗಲಬಾಯಿ ಗಡಿಗೆ ಬಂದವು. ಒಂದರಲ್ಲಿ ಹೊಂಡದ ನೀರು. ಇನ್ನೊಂದರಲ್ಲಿ ಬಾವಿಯ ತಿಳಿನೀರು, ಅದಕ್ಕೆ ಶಟ್ಟೆಪ್ಪ ಕಡಿದಿದ್ದ ಕೊಂಬೆಗಳನ್ನೇ ತರಿಸಿ ಗೌಡನ ಕುಡುಗೋಲಿನಿಂದ ಕೆತ್ತಿ ಹಿಂಡಿದ ಕಳ್ಳಿಹಾಲು. ದಿಗಂಬರ ಧೋತರದ ಸೆರಗಿನಲ್ಲಿ ಎರಡು ಮರಲ ಹಿಡಿದು ಒಂದೊಂದು ಗಡಿಗೆಗೆ ಬಿಟ್ಟ.

ಊರು ಗಡಿಗೆಗಳ ಸುತ್ತ ಮುತ್ತಿತು. ಹೊಂಡದ ನೀರಿನ ಮರಲ ಮೇಲೆ ಬಂತು, ಗಾಳಿ ಕುಡಿಯಿತು, ಇಳಿಯಿತು. ಕಳ್ಳಿಹಾಲಿನದೂ ಹಾಗೇ ಮಾಡಿತು. ಮತ್ತೆ ಮೇಲೆ, ಮತ್ತೆ ಕೆಳಗೆ. ಇದೂ ಬದುಕಿಬಿಟ್ಟರೆ? ಒಂದು ಮೀನಿನ ಮೇಲೆ ಒಂದು ಸಂಸಾರವನ್ನು ಪಣಕ್ಕಿಟ್ಟೆನಲ್ಲ ಎಂದುಕೊಂಡ ದಿಗಂಬರ. ಗೌಡ ಬಿಸಿಲಿನ ಕಡೆ ನೋಡಿ "ಆತಿಲ್ಲೋ?" ಎಂದ. ಹೊಳೆದಂಡೆಯಲ್ಲಿ ಗುಡಿಸಲ ಗೋಡೆಗೆ ಹಾರೆ ಬಿದ್ದ ಸದ್ದು ಕೇಳಿತು. ಸಾವಂತ್ರೆವ್ವ ಅಯ್ಯೋ ಎಂದು ಕೂತುಬಿಟ್ಟಳು.

ಆಗ ಕಳ್ಳಿಹಾಲಿನ ಮರಲ ಒಮ್ಮೆಲೇ ಚಿಮ್ಮಿತು. ಗಡಿಗೆಯ ಅಂಚಿಗೆ ಬಡಿಯಿತು, ಸುತ್ತ ತಿರುಗಿತು, ವಾಲಿತು, ಹೊಟ್ಟೆ ಮೇಲಾಯಿತು. ಇನ್ನೊಂದು ಮೀನು ಮಾತ್ರ ಏನೂ ಆಗದ ಹಾಗೆ ಮೇಲೆ ಬಂದು ಗುಳುಕ್ ಎಂದಿತು.

"ಹಾರೀ ನಿಲ್ಲಸ್ರೋ!" ಎಂದು ಯಾರೋ ಓಡಿದರು. ಆದರೆ ಗೌಡ ಗೌಡನೇ. ಸೋತೆ ಎನ್ನುವುದು ಅವನ ಜಾಯಮಾನದಲ್ಲಿರಲಿಲ್ಲ. "ಕಳ್ಳಿ ಅಲ್ಲಂದ್ರ ಮತ್ತೇನು? ನೀರಾಗಿನ ಗಾಳಿ ಯಾರು ತಿಂದ್ರು? ಅದನ್ನ ಹೇಳು, ಹಗ್ಗಾ ಬಿಚ್ಚತೇನಿ. ಹೇಳದಿದ್ರ ಬ್ಯಾರೆ ಏನರ ಹಾಕ್ಯಾನ ಅಂತನ ನನ್ನ ಲೆಕ್ಕ."

ದಿಗಂಬರ ಬೊಗಸೆಯಲ್ಲಿ ನೀರೆತ್ತಿ ಮೂಸಿದ. ಹುಳಿ ವಾಸನೆ. ತೊಳೆಯದೆ ಎರಡು ದಿನ ಬಿಟ್ಟ ಹಾಲಿನ ಪಾತ್ರೆಯ ವಾಸನೆ. ಗರ್ಭಗುಡಿಯಿಂದ ಹೊಂಡಕ್ಕಿಳಿಯುವ ಕಲ್ಲಿನ ಕಾಲುವೆಯಲ್ಲಿ ಹಾಲಿನ ಬಿಳಿ ಹೆಕ್ಕಳೆ ಒಣಗಿ ನಿಂತಿತ್ತು. ಹನ್ನೊಂದು ಕೊಡ ಹಾಲು, ಇಷ್ಟು ಕಡಿಮೆ ನೀರು, ಇಂಥ ಸೆಕೆ. ಹಾಲು ಕೊಳೆತು ನೀರಿನ ಗಾಳಿಯನ್ನೆಲ್ಲ ತಿಂದುಹಾಕಿತ್ತು. ಆ ಹಾಲನ್ನು ಎರೆಸಿದವಳು ಅವನ ತಾಯಿ ಭಾಗೀರಥಿಬಾಯಿ. ಮಗ ಪಾಸಾಗಲಿ ಎಂದು ಹರಕೆ ಹೊತ್ತು, ಮನೆಮನೆಯ ಹಾಲು ಕೂಡಿಸಿ, ಸೋಮವಾರ ಎರೆಸಿದ್ದಳು. ಇವನೇ ಮುಂದೆ ನಿಂತು ತೀರ್ಥ ತಗೊಂಡಿದ್ದ.

ಅವನು ತಲೆ ಎತ್ತಿದ. ಅವ್ವ ಗುಡಿಯ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದಳು. ದೇವರ ಮೀನು ಕೊಂದವಳು ಎಂಬ ಮಾತು ಒಮ್ಮೆ ಅಂಟಿದರೆ ಸಾಯುವವರೆಗೂ ಬಿಡುವುದಿಲ್ಲ, ಅಪ್ಪನ ಪೂಜಾರಿಕೆಯೂ ಹೋದೀತು. ಶಟ್ಟೆಪ್ಪ ಮರಕ್ಕೆ ಆತುಕೊಂಡು ಇವನ ಬಾಯಿಯನ್ನೇ ನೋಡುತ್ತಿದ್ದ.

"ಬಿಸಲಿಗೆ... ನೀರು ಕಾಯ್ದು..." ಎಂದ ದಿಗಂಬರ.

"ಬಿಸಲು ವರ್ಷಾ ಇರತೈತಿ. ಮೀನು ಈ ವರ್ಷನ ಸತ್ತಾವು." ಗೌಡ ಹಗ್ಗದ ಗಂಟನ್ನು ಇನ್ನೊಂದು ಸುತ್ತು ಜಗ್ಗಿದ. ಶಟ್ಟೆಪ್ಪ ನರಳಿದ. ದಿಗಂಬರ ಬೊಗಸೆಯ ನೀರನ್ನು ಹೊಂಡಕ್ಕೇ ಚೆಲ್ಲಿದ.

"ದಿಗೂ," ಎಂದಳು ಭಾಗೀರಥಿಬಾಯಿ. ದನಿ ಸಣ್ಣದು, ಆದರೆ ಎಲ್ಲರಿಗೂ ಕೇಳಿಸಿತು. "ಕೆಟ್ಟ ಹಾಲು ನೀರೊಳಗಿನ ಗಾಳಿ ತಿಂತದೇನೋ? ದೇವರ ಮುಂದ ನಿಂತೀದಿ, ಖರೇ ಹೇಳು. ಮುಂಜಾನಿಂದ ಈ ವಾಸನಿ ನನ್ನ ಮೂಗಿಗೆ ಬಡೀಲಿಕ್ಕೆ ಹತ್ತೇದ."

"ಹೌದವ್ವಾ" ಎಂದ ದಿಗಂಬರ.

ಅವಳು ಮೆಟ್ಟಿಲಿಳಿದು, ಮಂದಿಯ ನಡುವೆ ದಾರಿ ಮಾಡಿಕೊಂಡು ಬೇವಿನ ಮರದ ಕಡೆ ನಡೆದಳು. "ಹಾಲು ನಂದು. ಕಟ್ಟೋದಿದ್ರ ನನ್ನ ಕಟ್ರಿ ಗೌಡ್ರ."

ಗೌಡ ಬೆಬ್ಬೆಬ್ಬೆ ಎಂದ. "ಛೇ ಛೇ, ಅವ್ವಾರ, ಭಕ್ತಿಲೆ ಹಾಕಿದ್ದು, ತಿಳೀದ ಆದದ್ದು. ದೇವರ ಇಚ್ಛಾ. ನಡೀರಿ, ಎಲ್ಲಾರೂ ಮನಿಗೆ ನಡೀರಿ."

"ದೇವರ ಇಚ್ಛಾ ಏನ್ರಿ?" ಗೋಡೆಯಾಚೆಯಿಂದ ಸಾವಂತ್ರೆವ್ವ ಕೇಳಿದಳು. "ನನ್ನ ಗ್ವಾಡಿಗೆ ಹಾರಿ ಬೀಳೂ ಮುಂದ ಅಂವಾ ಎಲ್ಲಿ ಹೋಗಿದ್ದಾರಿ?" ಮಂದಿ ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಜಾರಿಕೊಂಡರು.

ಭಾಗೀರಥಿಬಾಯಿ, ಮಡಿಯಲ್ಲಿದ್ದವಳು, ಹೊಲಗೇರಿಯ ಗಾಳಿ ಸೋಕಿದರೂ ಸ್ನಾನ ಮಾಡುತ್ತಿದ್ದವಳು, ಬೆರಳು ಹಾಕಿ ಆ ಗಂಟು ಬಿಚ್ಚಿದಳು. ಗಟ್ಟಿ ಗಂಟು, ಉಗುರು ಕಿತ್ತಿತು. ದಿಗಂಬರ ನೆರವಿಗೆ ಬಂದಾಗ ಹಗ್ಗ ಬಿಚ್ಚಿಯಾಗಿತ್ತು.

ಶಟ್ಟೆಪ್ಪ ಮುಂಗೈ ತಿಕ್ಕಿಕೊಂಡ. ಅವಳಿಗೆ ಕೈ ಮುಗಿದ. ಆಮೇಲೆ ದಿಗಂಬರನ ಕಡೆ ತಿರುಗಿ, ಸಿಟ್ಟಿಲ್ಲದೆ, ಜಾಲಿಮರದ ಕೆಳಗೆ ಮೀನಿನ ಹೆಸರು ಕೇಳುತ್ತಿದ್ದ ದನಿಯಲ್ಲೇ ಕೇಳಿದ: "ಸಣ್ಣ ಭಟ್ರ, ಬಿಸಲು ಅಂದ್ರಲ್ಲಾ, ಆಗ ನಿಮಗ ಗೊತ್ತಿತ್ತೇನ್ರಿ?"

ದಿಗಂಬರನಿಗೆ ಸುಳ್ಳು ಹೇಳಲು ಆಗಲಿಲ್ಲ. "ಗೊತ್ತಿತ್ತು" ಎಂದ.

ಶಟ್ಟೆಪ್ಪ ತಲೆಯಾಡಿಸಿ, ಬಿದ್ದ ಗೋಡೆ ಎತ್ತಲು ಹೊಳೆದಂಡೆಗೆ ನಡೆದ. ತಿಂಗಳಾದ ಮೇಲೆ ಧಾರವಾಡದಿಂದ ಕಾಗದ ಬಂತು, ದಿಗಂಬರ ಪಾಸಾಗಿದ್ದ. ಸಕ್ಕರೆ ಹಿಡಿದು ಅವನು ಜಾಲಿಮರದ ತನಕ ಹೋದ, ಅಲ್ಲಿಂದ ಗುಡಿಸಲಿಗೆ ಹೋಗಲು ಕಾಲು ಬರಲಿಲ್ಲ.